ಸವಾರಿಯೋ ಮೆರವಣಿಗೆಯೋ

ಮಾವ: ನಿನ್ನೆ ರಾತ್ರಿ ನೀನು ತೋರಿಸಿದ ಚಿತ್ರವನ್ನು ಈ ಬೆಳಗ್ಗೆ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನಿಧಾನವಾಗಿ ನೋಡಿದೆ. ಮುಂದಿನ ಗಾಲಿಯು ಎಂಜಿನ್ನಿನಿಂದ ಅಷ್ಟು ದೂರಕ್ಕೆ ಚಾಚಿಕೊಂಡು, ಹಿಡಿಗಳು ಸವಾರನ ಹೆಗಲನ್ನೂ ಮೀರಿ ಮೇಲಕ್ಕೆದ್ದು, ಸೀಟು ಮಾತ್ರ ನೆಲವನ್ನೇ ಮುಟ್ಟುವಂತೆ ತಗ್ಗಿರುವ ಆ ಚಾಪರ್ ಮೋಟಾರ್‌ಸೈಕಲ್ಲನ್ನು ಕಟ್ಟಿಸುವುದಕ್ಕೆ ನೀನು ನಿನ್ನ ಉಳಿತಾಯದ ಬಹುಭಾಗವನ್ನು ತೆಗೆದಿರಿಸಿರುವೆಯೆಂದು ನಿನ್ನ ತಾಯಿ ಹೇಳಿದಳು. ಹಣ ನಿನ್ನ ದುಡಿಮೆಯದು. ಆ ವಿಷಯದಲ್ಲಿ ನಾನು ಬಾಯಿ ಹಾಕಲಾರೆ. ಆದರೆ ಬಹುಕಾಲ ಪಾಲಿಟೆಕ್ನಿಕ್ಕಿನ ಹುಡುಗರಿಗೆ ಮಷಿನ್ ಡ್ರಾಯಿಂಗ್ ಹೇಳಿಕೊಟ್ಟವನು ನಾನು. ಯಂತ್ರದ ಒಂದೊಂದು ಅವಯವವೂ ತಾನು ಆ ಸ್ಥಾನದಲ್ಲಿ ಏಕೆ ಇರುವೆನೆಂಬುದಕ್ಕೆ ಕಾರಣ ಹೇಳಬಲ್ಲದಾಗಿರಬೇಕೆಂಬ ನಂಬಿಕೆಯಲ್ಲಿ ಬೆಳೆದವನು. ಆದುದರಿಂದ ಕೇಳುತ್ತೇನೆ: ಈ ಗಾಡಿ ಹತ್ತಿ ಹೋಗುವುದಕ್ಕೋ, ಹತ್ತಿದವನನ್ನು ನಾಲ್ಕು ಜನ ನೋಡುವುದಕ್ಕೋ?

ಅಳಿಯ: ಎರಡಕ್ಕೂ ಎಂದರೆ ಜಾರಿಕೊಂಡೆನೆಂದು ಹೇಳುವಿರಿ, ಮಾವ. ಆದಕಾರಣ ಮೊದಲು ಈ ಗಾಡಿಯ ವಂಶಾವಳಿಯನ್ನು ಹೇಳಿಬಿಡುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾರ್ಲೆ-ಡೇವಿಡ್‌ಸನ್ ಕಂಪೆನಿಯು ಸೈನ್ಯದ ಉಪಯೋಗಕ್ಕಾಗಿ ಡಬ್ಲ್ಯು.ಎಲ್.ಎ. ಎಂಬ ಸುಮಾರು ೭೪೦ ಸಿ.ಸಿ.ಯ ಮಾದರಿಯನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ತಯಾರಿಸಿತು. ೧೯೪೫ರ ತರುವಾಯ ಊರಿಗೆ ಹಿಂದಿರುಗಿದ ತರುಣ ಸೈನಿಕರು, ಸರ್ಕಾರ ಅಗ್ಗವಾಗಿ ಮಾರಿದ ಮಿಗತೆ ಗಾಡಿಗಳನ್ನೂ ಪೊಲೀಸು ಇಲಾಖೆ ಹರಾಜು ಹಾಕಿದ ಹಳೆಯ ಗಾಡಿಗಳನ್ನೂ ಕೊಂಡರು. ಅವು ಮಣಭಾರದ ಗಾಡಿಗಳು. ಆಳವಾದ ಮಡ್‌ಗಾರ್ಡುಗಳು, ಚರ್ಮದ ಚೀಲಗಳು, ಗಾಳಿಯನ್ನು ತಡೆಯುವ ಗಾಜು, ಬಿದ್ದರೆ ಕಾಲನ್ನು ಕಾಯುವ ಕಂಬಿಗಳು. ಕ್ಯಾಲಿಫೋರ್ನಿಯದ ಆ ಹುಡುಗರು ಗಾಜನ್ನು ಬಿಚ್ಚಿದರು, ಚೀಲಗಳನ್ನು ಇಳಿಸಿದರು, ಮುಂದಿನ ಮಡ್‌ಗಾರ್ಡನ್ನು ಕಳಚಿ ಮೂಲೆಗೆಸೆದು ಹಿಂದಿನದನ್ನು ಅರ್ಧಕ್ಕೆ ಕೊಯ್ದರು. ತೂಕ ಇಳಿದಷ್ಟೂ ಅದೇ ಎಂಜಿನ್ನು ಚುರುಕಾಗಿ ಎಳೆಯಿತು. ನೋಡುವವರಿಗಾಗಿ ಯಾರೂ ಒಂದು ಮೊಳೆಯನ್ನೂ ಸೇರಿಸಲಿಲ್ಲ, ತೆಗೆಯಬಹುದಾದುದನ್ನೆಲ್ಲ ತೆಗೆದರು. ಚಾಪರಿನ ಹುಟ್ಟು ಇದು.

ಮಾವ: ಹುಟ್ಟನ್ನು ಒಪ್ಪಿದೆ. ಬೇಡದುದನ್ನು ತೆಗೆದುಹಾಕಿದ ಆ ಹುಡುಗರು ನನ್ನ ತರಗತಿಯಲ್ಲಿದ್ದಿದ್ದರೆ ಬೆನ್ನು ತಟ್ಟುತ್ತಿದ್ದೆ. ಆದರೆ ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕನ್ನು ಉದ್ದ ಮಾಡಿದುದು ತೆಗೆದುಹಾಕಿದಂತಾಯಿತೇ? ಈ ನಿನ್ನ ಚಿತ್ರದ ಹಿಂಬದಿಯಲ್ಲಿ ನಾನು ಪೆನ್ಸಿಲಿನಿಂದ ಒಂದು ಲೆಕ್ಕ ಹಾಕಿದ್ದೇನೆ, ನೋಡು. ಹ್ಯಾಂಡಲ್ಲು ಯಾವ ಅಕ್ಷದ ಸುತ್ತ ತಿರುಗುತ್ತದೆಯೋ ಆ ಅಕ್ಷವು ಲಂಬರೇಖೆಯಿಂದ ಎಷ್ಟು ಡಿಗ್ರಿ ಒರಗಿದೆಯೆಂಬುದು ರೇಕ್. ಅದೇ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ ಟೈರು ನೆಲವನ್ನು ಮುಟ್ಟುವ ಬಿಂದುವಿಗೂ ಇರುವ ಅಂತರ ಟ್ರೇಲ್. ಗಾಲಿಯ ತ್ರಿಜ್ಯ ೧೨ ಅಂಗುಲ, ಅಕ್ಷಕ್ಕೂ ಇರುಸಿಗೂ ನಡುವೆ ೨ ಅಂಗುಲ ಎಂದಿಟ್ಟುಕೊಳ್ಳೋಣ. ರೇಕ್ ೩೦ ಡಿಗ್ರಿಯಿದ್ದರೆ ಟ್ರೇಲ್ ೪.೬ ಅಂಗುಲ, ಸಾಮಾನ್ಯ ಹಾರ್ಲೆ ಗಾಡಿ ಇದರ ಆಸುಪಾಸಿನಲ್ಲಿಯೇ ಇರುವುದು. ಉಳಿದುದನ್ನೆಲ್ಲ ಹಾಗೆಯೇ ಬಿಟ್ಟು ರೇಕನ್ನು ಮಾತ್ರ ೪೫ಕ್ಕೆ ಒಯ್ದರೆ ಟ್ರೇಲ್ ೯.೨ ಅಂಗುಲ, ಎಂದರೆ ಹೆಚ್ಚುಕಡಿಮೆ ಎರಡರಷ್ಟು. ಆ ಗಾಡಿಯನ್ನು ಸಂತೆಬೀದಿಯಲ್ಲಿ ನಡಿಗೆಯ ವೇಗದಲ್ಲಿ ತಿರುಗಿಸಹೊರಟವನ ಗತಿಯೇನು? ಹ್ಯಾಂಡಲ್ಲನ್ನು ತುಸು ಹೊರಳಿಸಿದೊಡನೆ ಮುಂಭಾಗವೆಲ್ಲ ಕುಸಿದು ಗಾಲಿ ಒಂದು ಪಕ್ಕಕ್ಕೆ ಧೊಪ್ಪನೆ ವಾಲುತ್ತದೆ. ಆ ಭಾರವನ್ನು ತೋಳಿನ ಬಲದಿಂದ ಹಿಡಿದು ನಿಲ್ಲಿಸಬೇಕು. ಇದು ಸವಾರಿಗಾಗಿ ಮಾಡಿದ ತಿದ್ದುಪಾಟೆಂದು ನನ್ನನ್ನು ನಂಬಿಸಲು ನಿನಗೆ ಸಾಧ್ಯವೇ?

ಅಳಿಯ: ನಿಮ್ಮ ಲೆಕ್ಕ ಸರಿಯಾಗಿದೆ. ಕುಶಲಿಗಳಾದ ಕಟ್ಟುಗರು ಅದನ್ನು ಅರಿತೇ, ಫೋರ್ಕಿನ ಕೋನ ಬೇರೆ, ಹ್ಯಾಂಡಲ್ಲು ತಿರುಗುವ ಅಕ್ಷದ ಕೋನ ಬೇರೆಯಾಗುವಂತೆ ಫೋರ್ಕು ಹಿಡಿಯುವ ಕ್ಲಾಂಪುಗಳನ್ನು ಓರೆ ಮಾಡಿ ಟ್ರೇಲನ್ನು ಮತ್ತೆ ಹದಕ್ಕೆ ತರುತ್ತಾರೆ. ಅರಿಯದವರು ಉದ್ದದ ಕೊಳವೆಗಳನ್ನು ಸಿಕ್ಕಿಸಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ನೀವು ಸಂತೆಬೀದಿಯನ್ನು ಹೇಳಿದಿರಿ. ಅದೇ ಟ್ರೇಲು, ಸಂತೆಬೀದಿಯಲ್ಲಿ ತೋಳನ್ನು ನೋಯಿಸುವ ಅದೇ ಒಂಬತ್ತು ಅಂಗುಲ, ನೇರವಾದ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಗಾಲಿಯನ್ನು ತನ್ನ ದಾರಿಯಿಂದ ಕದಲಗೊಡದು. ಅಮೆರಿಕದ ಪಶ್ಚಿಮ ಪ್ರಾಂತಗಳ ರಸ್ತೆಗಳು ನಮ್ಮ ಕಲ್ಪನೆಗೆ ಸುಲಭವಾಗಿ ನಿಲುಕುವಂಥವಲ್ಲ, ಮಾವ. ಮೊಹಾವಿ ಮರುಭೂಮಿಯಲ್ಲಾಗಲಿ ನೆವಾಡದ ಬಯಲಿನಲ್ಲಾಗಲಿ ದಿಗಂತದ ಒಂದು ಬಿಂದುವಿನಲ್ಲಿ ಕಾಣೆಯಾಗುವ ರಸ್ತೆಯನ್ನು ಹಿಡಿದು ಅರ್ಧ ಗಂಟೆ ಹೋದರೂ ಆ ಬಿಂದು ಅಲ್ಲಿಯೇ ಇರುತ್ತದೆ. ತಿರುವಿಲ್ಲ, ಅಡ್ಡರಸ್ತೆಯಿಲ್ಲ, ಹಂಪಿಲ್ಲ. ನನ್ನ ಗೆಳೆಯನೊಬ್ಬನ ಚಾಪರಿನಲ್ಲಿ ಆ ದಾರಿಯಲ್ಲಿ ಹೋಗಿದ್ದೇನೆ. ಕಾಲುಗಳು ಮುಂದಕ್ಕೆ ಚಾಚಿ, ತೋಳುಗಳು ಮೇಲಕ್ಕೆ ಎತ್ತಿ, ಎದೆ ಪೂರ್ತಿಯಾಗಿ ಗಾಳಿಗೆ ತೆರೆದುಕೊಂಡು, ಎರಡು ಸಿಲಿಂಡರಿನ ಎಂಜಿನ್ನಿನ ಬಡಿತ ಬೆನ್ನಿನ ಮೂಳೆಯಲ್ಲಿಯೇ ಕೇಳಿಸುತ್ತಿರುವಾಗ, ಹ್ಯಾಂಡಲ್ಲಿನ ಮೇಲೆ ಬೆರಳಿಟ್ಟರೂ ಸಾಕು, ಗಾಡಿ ತಾನೇ ತನ್ನ ಗೆರೆಯನ್ನು ಹಿಡಿದು ಹೋಗುತ್ತದೆ. ಎದುರು ಗಾಳಿ ಜೋರಾದಾಗ ಹೆಗಲು ನೋಯುವುದು ನಿಜ; ನೋವಿಲ್ಲವೆಂದು ಹೇಳಲಾರೆ. ಆದರೆ ಆ ಗಾಡಿಯ ಅವಯವಗಳು ಯಾವ ಪ್ರಶ್ನೆಗೆ ಉತ್ತರವೆಂಬುದು ಆ ರಸ್ತೆಯ ಮೇಲೆ ನನಗೆ ತಿಳಿಯಿತು.

ಮಾವ: ಅರ್ಧಕ್ಕೆ ಉತ್ತರ ಹೇಳಿದೆ. ಉಳಿದರ್ಧವನ್ನು ಕೇಳು. ಹಿಂದಿನ ಗಾಲಿಗೆ ಸ್ಪ್ರಿಂಗು ಇಲ್ಲ. ಚೌಕಟ್ಟಿಗೆ ಗಾಲಿಯನ್ನು ಬಿಗಿದಿದ್ದಾರೆ, ಕುಳಿ ಬಿದ್ದಲ್ಲೆಲ್ಲ ಪೆಟ್ಟು ನೇರವಾಗಿ ಸವಾರನ ಬೆನ್ನೆಲುಬಿಗೆ. ಟ್ಯಾಂಕು ಕಡಲೆಕಾಯಿಯ ಆಕಾರದ್ದೆಂದು ನೀನೇ ಹೇಳಿದೆ, ಅದರಲ್ಲಿ ಎಂಟು ಲೀಟರು ಹಿಡಿದರೆ ಹೆಚ್ಚು; ದಿಗಂತದವರೆಗೆ ಹೋಗುವ ರಸ್ತೆಗಾಗಿ ಹುಟ್ಟಿದ ಗಾಡಿಯು ನೂರು ಮೈಲಿಗೊಮ್ಮೆ ಪೆಟ್ರೋಲು ಬಂಕನ್ನು ಹುಡುಕಬೇಕಾಗುವುದು ಯಾವ ನ್ಯಾಯ? ಇವೆರಡನ್ನಾದರೂ ಸಹಿಸೋಣ. ಆದರೆ ಮುಂದಿನ ಗಾಲಿ ಬರಿದಾಗಿ, ತೆಳ್ಳಗೆ, ಅಂದವಾಗಿ ಕಾಣಬೇಕೆಂಬ ಒಂದೇ ಕಾರಣಕ್ಕೆ ಅದರ ಬ್ರೇಕನ್ನೇ ತೆಗೆದುಹಾಕುತ್ತಾರಲ್ಲ, ಅದನ್ನು ನಾನು ಸಹಿಸಲಾರೆ. ಬ್ರೇಕು ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಗಾಲಿಯಲ್ಲಿರುತ್ತದೆ. ಅಲ್ಲಿ ಬ್ರೇಕಿಲ್ಲದೆ ಹೊರಟವನು ತನ್ನೊಬ್ಬನ ಪ್ರಾಣವನ್ನಲ್ಲ, ಅಡ್ಡ ಬಂದ ಮಗುವಿನ ಪ್ರಾಣವನ್ನೂ ಅಂದಕ್ಕಾಗಿ ಪಣವೊಡ್ಡಿದನು.

ಅಳಿಯ: ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧವಾದ ಚಾಪರಿಗೆ ಮುಂದಿನ ಬ್ರೇಕು ಇರಲಿಲ್ಲ. ೧೯೬೯ರಲ್ಲಿ ತೆರೆಕಂಡ 'ಈಸಿ ರೈಡರ್' ಚಿತ್ರದಲ್ಲಿ ಪೀಟರ್ ಫೋಂಡಾ ಏರಿದ, ಟ್ಯಾಂಕಿನ ಮೇಲೆ ಅಮೆರಿಕದ ಧ್ವಜವನ್ನು ಬಿಡಿಸಿದ 'ಕ್ಯಾಪ್ಟನ್ ಅಮೆರಿಕ'ವನ್ನು ಹೇಳುತ್ತಿದ್ದೇನೆ. ಇಬ್ಬರು ಗೆಳೆಯರು ಲಾಸ್ ಏಂಜಲೀಸಿನಿಂದ ನ್ಯೂ ಆರ್ಲಿಯನ್ಸಿಗೆ ಹೊರಡುವ ಕಥೆಯದು. ಆ ಚಿತ್ರವನ್ನು ನೋಡಿಯೇ ಎಷ್ಟೋ ದೇಶಗಳ ಹುಡುಗರು ತಮ್ಮ ಗಾಡಿಯ ಫೋರ್ಕನ್ನು ಉದ್ದ ಮಾಡಿಸಿಕೊಂಡರು. ಆದರೆ ಚಿತ್ರದ ಗಾಡಿಗಳನ್ನು ಕಟ್ಟಿದವರಾರೆಂಬುದು ಬಹುಕಾಲ ಜನಕ್ಕೆ ತಿಳಿದಿರಲಿಲ್ಲ. ಪೊಲೀಸರ ಹರಾಜಿನಲ್ಲಿ ಬಂದ ಹಳೆಯ ಹಾರ್ಲೆಗಳನ್ನು ತಂದು, ರೂಪವನ್ನು ಕಲ್ಪಿಸಿದವನು ಕ್ಲಿಫರ್ಡ್ ವಾನ್. ಲಾಸ್ ಏಂಜಲೀಸಿನ ತನ್ನ ಗ್ಯಾರೇಜಿನಲ್ಲಿ ಅವನ್ನು ಕಟ್ಟಿದವನು ಬೆನ್ ಹಾರ್ಡಿ. ಇಬ್ಬರೂ ಕರಿಯರು. ಚಿತ್ರದ ಹೆಸರುಪಟ್ಟಿಯಲ್ಲಿ ಇಬ್ಬರಿಗೂ ಸ್ಥಾನ ದೊರೆಯಲಿಲ್ಲ. ಈ ವಾನ್ ಎಂಬಾತನು ನಾಗರಿಕ ಹಕ್ಕುಗಳ ಚಳವಳಿಯಲ್ಲಿ, ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿಯ ಪರವಾಗಿ, ದಕ್ಷಿಣದ ಸಂಸ್ಥಾನಗಳಲ್ಲಿ ದುಡಿದವನು. ಕರಿಯನೊಬ್ಬನು ಬಿಳಿಯನ ಹೋಟೆಲಿನಲ್ಲಿ ಕುಳಿತು ಕಾಫಿ ಕೇಳಿದರೂ ಏಟು ತಿನ್ನಬೇಕಾಗಿದ್ದ ಆ ದಿನಗಳಲ್ಲಿ, ಅವನು ಅಲಬಾಮದ ರಸ್ತೆಗಳಲ್ಲಿ ತನ್ನ ಚಾಪರನ್ನು ಓಡಿಸಿಕೊಂಡು ಹೋಗುತ್ತಿದ್ದನು. ಬಿಳಿಯ ಜಮೀನ್ದಾರರು ಬಂದೂಕು ಹಿಡಿದು ಅಟ್ಟಿಸಿಕೊಂಡು ಬಂದಾರೆಂಬ ಭಯ ಅವನಿಗಿತ್ತು. ಆದರೂ ಸ್ವತಂತ್ರನಾದ ಕರಿಯನೊಬ್ಬನು ಹೇಗಿರುವನೆಂಬುದನ್ನು ಹೊಲದಲ್ಲಿ ದುಡಿಯುವ ತನ್ನ ಜನ ಕಣ್ಣಾರೆ ನೋಡಲೆಂದೇ ಹೋಗುತ್ತಿದ್ದೆನೆಂದು ತನ್ನ ಮುಪ್ಪಿನಲ್ಲಿ ಹೇಳಿಕೊಂಡಿದ್ದಾನೆ. ಅವನು ಓಡಿಸಿದುದು ನೋಡುವವರಿಗಾಗಿ, ಮಾವ. ಇದನ್ನು ಶೋಕಿಯೆನ್ನುವಿರಾ?

ಮಾವ: ಎನ್ನಲಾರೆ. ಈ ಸಂಗತಿ ನನಗೆ ತಿಳಿದಿರಲಿಲ್ಲ. ಹೇಳಿ ಉಪಕಾರ ಮಾಡಿದೆ. ನೋಡಲೆಂದು ಮಾಡುವುದೆಲ್ಲ ಕ್ಷುದ್ರವೆಂಬಂತೆ ನಾನು ಮಾತು ತೆಗೆದದ್ದು ಸಾಲದಾಯಿತೆಂದು ತೋರುತ್ತದೆ. ಅವಮಾನಿತರಾದವರು ತಲೆಯೆತ್ತಿ ನಡೆಯುವುದೂ ಒಂದು ಪ್ರದರ್ಶನವೇ ಆಗಿರಬಹುದು. ಅದು ಮನುಷ್ಯನ ಹಕ್ಕು. ಆದರೆ ಗಮನಿಸು: ವಾನನು ಆ ಗಾಡಿಯನ್ನು ಲಾಸ್ ಏಂಜಲೀಸಿನ ಒಂದು ಸಭಾಂಗಣದಲ್ಲಿ ಕೆಂಪು ಹಗ್ಗ ಕಟ್ಟಿ ನಿಲ್ಲಿಸಿದ್ದರೆ ನೋಡಿದವರಿಗೆ ಏನು ತಿಳಿಯುತ್ತಿತ್ತು? ಕ್ರೋಮಿಯಮ್ಮಿನ ಹೊಳಪು ತಿಳಿಯುತ್ತಿತ್ತು. ಅವನು ತೋರಿಸಬೇಕೆಂದಿದ್ದ ವಸ್ತು ಗಾಡಿಯಲ್ಲಿರಲಿಲ್ಲ, ಗಾಡಿಯು ಆ ರಸ್ತೆಯಲ್ಲಿ ಹೋಗುತ್ತಿದ್ದುದರಲ್ಲಿತ್ತು. ಅಪಾಯವೂ ಅವನದೇ ಆಗಿತ್ತು. ಇನ್ನು ಆ ಚಿತ್ರದ ಗಾಡಿಗಳು ಈಗ ಎಲ್ಲಿವೆ?

ಅಳಿಯ: ನಾಲ್ಕು ಗಾಡಿಗಳಿದ್ದವು. ಒಂದು ಚಿತ್ರದ ಕೊನೆಯ ದೃಶ್ಯದಲ್ಲಿ ನುಚ್ಚುನೂರಾಯಿತು. ಉಳಿದ ಮೂರು ಕಳುವಾದವು. ಆ ಒಡೆದ ಗಾಡಿಯಿಂದಲೇ ಮರಳಿ ಕಟ್ಟಿದುದೆಂದು ಹೇಳಲಾದ ಒಂದನ್ನು ೨೦೧೪ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹರಾಜಿಗೆ ತಂದರು. ೧೩ ಲಕ್ಷದ ೫೦ ಸಾವಿರ ಡಾಲರಿಗೆ ಕೂಗು ನಿಂತಿತು. ಅದು ನಿಜವಾಗಿ ಆ ಗಾಡಿಯೇ ಎಂಬ ವಿಷಯದಲ್ಲಿ ಆಗಲೇ ವಿವಾದವೆದ್ದಿತು.

ಮಾವ: ಅಷ್ಟು ಹಣ ಕೊಟ್ಟವನು ಅದನ್ನು ಏರಿ ಹಾಲು ತರುವುದಕ್ಕೂ ಹೋಗಲಾರನು. ನನ್ನ ಆಕ್ಷೇಪಣೆಯ ತಿರುಳು ಇದೇ. ಓಡಿದುದರ ಮಹಿಮೆಯಿಂದ ಪ್ರಸಿದ್ಧವಾದ ವಸ್ತುವು ಓಡಬಾರದಷ್ಟು ಬೆಲೆಯುಳ್ಳದಾಯಿತು. ನೀನಿರುವ ಅಮೆರಿಕದ ಕಡೆ ಈ ಗಾಡಿಗಳನ್ನು ಟ್ರೇಲರಿನ ಮೇಲೆ ಹೇರಿ ಜಾತ್ರೆಗೆ ಒಯ್ಯುವರಂತೆ, ಹೌದೇ?

ಅಳಿಯ: ಹೌದು. ದಕ್ಷಿಣ ಡಕೋಟದ ಸ್ಟರ್ಜಿಸ್ ಎಂಬ ಚಿಕ್ಕ ಊರಿನಲ್ಲಿ ೧೯೩೮ರಿಂದ ಮೋಟಾರ್‌ಸೈಕಲ್ಲಿನವರ ದೊಡ್ಡ ಕೂಟ ಸೇರುತ್ತ ಬಂದಿದೆ. ಆಗಸ್ಟ್ ತಿಂಗಳಲ್ಲಿ ಲಕ್ಷಾಂತರ ಜನ. ಊರ ಹೊರಗಿನವರೆಗೆ ಟ್ರೇಲರಿನಲ್ಲಿ ತಂದು, ಅಲ್ಲಿ ಇಳಿಸಿ, ಧೂಳು ಒರಸಿ, ಪೇಟೆಬೀದಿಯಲ್ಲಿ ಎರಡು ಸುತ್ತು ಹಾಕುವವರನ್ನು ನೋಡಿದರೆ ಸವಾರಿ ಮಾಡಿಕೊಂಡು ಬಂದವರಿಗೆ ಸೇರದು. ಅಂಥ ಗಾಡಿಯನ್ನು ಟ್ರೇಲರಿನ ರಾಣಿಯೆಂದು ಕರೆಯುತ್ತಾರೆ; ಅವರ ಬಾಯಲ್ಲಿ ಅದಕ್ಕಿಂತ ಹೀನವಾದ ಬೈಗುಳವಿಲ್ಲ. ಈ ಶತಮಾನದ ಆರಂಭದಲ್ಲಿ ಟೆಲಿವಿಷನ್ನು ಈ ರೋಗವನ್ನು ಹೆಚ್ಚಿಸಿತು. ಡಿಸ್ಕವರಿ ವಾಹಿನಿಯಲ್ಲಿ ೨೦೦೩ರಿಂದ ಬಂದ 'ಅಮೆರಿಕನ್ ಚಾಪರ್' ಕಾರ್ಯಕ್ರಮದಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಕುಟುಂಬ ಅಗ್ನಿಶಾಮಕ ದಳದ ನೆನಪಿಗೊಂದು, ಜೇಡರಹುಳುವಿನ ಆಕಾರದಲ್ಲೊಂದು ಎಂದು ವಾರಕ್ಕೊಂದು ವಸ್ತುವಿನ ಮೇಲೆ ಗಾಡಿ ಕಟ್ಟಿತು. ಕೆಲಸದ ನೈಪುಣ್ಯದಲ್ಲಿ ಕೊರತೆಯಿರಲಿಲ್ಲ. ಆದರೆ ಅವುಗಳಲ್ಲಿ ಎಷ್ಟೋ ಗಾಡಿಗಳ ಪಾಲಿಗೆ ಕಂಪೆನಿಗಳ ಮುಂಗೋಣೆಯೇ ಗಮ್ಯಸ್ಥಾನ. ಗೃಹಸ್ಥರು ಸಾಲ ತೆಗೆದು ಅಂಥದೇ ಗಾಡಿಗಳನ್ನು ಕೊಂಡರು. ಅಂಗೈ ಅಗಲದ ಟೈರು ಹೋಗಿ ೩೦೦ ಮಿಲಿಮೀಟರು ಅಗಲದ ಹಿಂದಿನ ಟೈರು ಬಂತು, ಅದು ತಿರುವಿನಲ್ಲಿ ವಾಲುವುದಕ್ಕೇ ಹಠ ಹಿಡಿಯುವಂಥದು. ೨೦೦೮ರ ಆರ್ಥಿಕ ಕುಸಿತದೊಡನೆ ಎಲ್ಲವೂ ಮುಗಿಯಿತು. ಟೆಕ್ಸಸ್‌ನಲ್ಲಿ ಚಾಪರುಗಳನ್ನು ಕಾರ್ಖಾನೆಯ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಅಮೆರಿಕನ್ ಐರನ್‌ಹಾರ್ಸ್ ಕಂಪೆನಿ ಅದೇ ವರ್ಷ ದಿವಾಳಿಯೆದ್ದಿತು. ಮರುವರ್ಷವೇ ಕ್ಯಾಲಿಫೋರ್ನಿಯದಲ್ಲಿ 'ಬಾರ್ನ್ ಫ್ರೀ' ಎಂಬ ಕೂಟ ಮೊದಲಾಯಿತು. ಮನೆಯ ಗ್ಯಾರೇಜಿನಲ್ಲಿ ಹಳೆಯ ಎಂಜಿನ್ನಿಗೆ ತಾವೇ ವೆಲ್ಡಿಂಗ್ ಮಾಡಿ ಕಟ್ಟಿಕೊಂಡ ತರುಣರು ಅಲ್ಲಿ ಸೇರತೊಡಗಿದರು.

ಮಾವ: ಆ ಟೆಲಿವಿಷನ್ನಿನಲ್ಲಿ ಸವಾರಿಗೆ ಬೆಲೆ ಕೊಟ್ಟವರು ಯಾರೂ ಇರಲಿಲ್ಲವೇ?

ಅಳಿಯ: ಇದ್ದರು. ಅದೇ ವಾಹಿನಿಯಲ್ಲಿ ಕಟ್ಟುಗರ ಸ್ಪರ್ಧೆಯೊಂದು ಬರುತ್ತಿತ್ತು: ಇಬ್ಬರಿಗೆ ಹತ್ತು ದಿನ ಕಾಲ, ಅಷ್ಟರಲ್ಲಿ ಗಾಡಿ ಕಟ್ಟಿ, ಬಳಿಕ ಇಬ್ಬರೂ ಅವನ್ನು ಏರಿ ನೂರಾರು ಮೈಲಿ ಸವಾರಿ ಮಾಡಿಕೊಂಡು ಕೂಟದ ಸ್ಥಳವನ್ನು ಮುಟ್ಟಬೇಕು, ಅಲ್ಲಿ ಸೇರಿದ ಜನ ಮತ ಹಾಕಿ ಗೆದ್ದವನನ್ನು ಆರಿಸುವರು. ಆ ಸ್ಪರ್ಧೆಯಲ್ಲಿ ಹೆಸರಾದವನು ನ್ಯೂಯಾರ್ಕಿನ ಬ್ರೂಕ್‌ಲಿನ್ನಿನ ಇಂಡಿಯನ್ ಲ್ಯಾರಿ. ಅವನ ಗಾಡಿಗಳಲ್ಲಿ ಅಲಂಕಾರ ಬೇಕಾದಷ್ಟಿತ್ತು. ಒಂದು ಗಾಡಿಯ ಚೌಕಟ್ಟಿನಲ್ಲಿ ಸರಪಣಿಯ ಕೊಂಡಿಗಳನ್ನು ಒಂದಕ್ಕೊಂದು ಬೆಸೆದು ಕಂಬಿಯ ಸ್ಥಾನದಲ್ಲಿ ನಿಲ್ಲಿಸಿದ್ದ. ಆದರೆ ಫೋರ್ಕನ್ನು ಅತಿಯಾಗಿ ಚಾಚಿದವನಲ್ಲ, ದಪ್ಪ ಟೈರು ಹಾಕಿದವನಲ್ಲ. ನ್ಯೂಯಾರ್ಕಿನ ಬೀದಿಯಲ್ಲಿ ದಿನವೂ ತಾನೇ ಓಡಿಸಬೇಕೆಂದು ಕಟ್ಟುತ್ತಿದ್ದ. ೨೦೦೪ರ ಆಗಸ್ಟಿನಲ್ಲಿ ಉತ್ತರ ಕ್ಯಾರೊಲಿನದ ಕಾಂಕರ್ಡ್ ಎಂಬಲ್ಲಿ, ನೆರೆದ ಜನರೆದುರಿಗೆ, ಓಡುತ್ತಿರುವ ಗಾಡಿಯ ಸೀಟಿನ ಮೇಲೆ ಎದ್ದು ನಿಂತು ಎರಡೂ ತೋಳುಗಳನ್ನು ಚಾಚಿದ. ಎಷ್ಟೋ ಬಾರಿ ಮಾಡಿದ ಸಾಹಸವೇ ಅದು. ಅಂದು ಗಾಡಿ ನಡುಗಿತು. ತಲೆಗೆ ಹೆಲ್ಮೆಟ್ಟು ಇರಲಿಲ್ಲ. ಎರಡು ದಿನಗಳ ಮೇಲೆ ತೀರಿಕೊಂಡ.

ಮಾವ: ಪಾಪ! ಸವಾರಿಯ ಪಕ್ಷದ ಮೇಲಾದ ಸಾಕ್ಷಿಯೇ ಪ್ರದರ್ಶನಕ್ಕೆ ಬಲಿಯಾದನಲ್ಲ. ಅವನ ಕೈಗೆಲಸವನ್ನು ಮನಸಾರೆ ಮೆಚ್ಚುತ್ತೇನೆ. ಆ ಕ್ಷಣವನ್ನು ಮೆಚ್ಚಲಾರೆ. ಯಾರೂ ನೋಡದಿದ್ದರೆ ಅವನು ಎದ್ದು ನಿಲ್ಲುತ್ತಿದ್ದನೇ? ಈ ಪ್ರಶ್ನೆಯನ್ನು ನೀನು ಗಾಡಿ ಏರಿದಾಗಲೆಲ್ಲ ಕೇಳಿಕೊಳ್ಳಬೇಕು, ಅಪ್ಪಾ. ಒಬ್ಬನೇ ಇರುವಾಗ ಮಾಡದ ಸಾಹಸವನ್ನು ನಾಲ್ಕು ಜನರ ಕಣ್ಣ ಮುಂದೆ ಮಾಡಬೇಕೆನಿಸಿದರೆ ಇಳಿದುಬಿಡು.

ಅಳಿಯ: ಕೇಳಿಕೊಳ್ಳುತ್ತೇನೆ, ಮಾವ. ಇನ್ನೊಬ್ಬರ ವಿಷಯವನ್ನೂ ಹೇಳಬೇಕು, ಏಕೆಂದರೆ ನನಗೆ ಈ ಆಸೆ ಹುಟ್ಟಿದುದು ಅವರ ಅಂಗಡಿಯಲ್ಲಿ. ನಾನು ಕ್ಯಾಲಿಫೋರ್ನಿಯಕ್ಕೆ ಹೊಸದಾಗಿ ಹೋದಾಗ, ನಮ್ಮ ಕನ್ನಡದ ಎಷ್ಟೋ ಮನೆಗಳಿರುವ ಡಬ್ಲಿನ್ ಎಂಬ ಊರಿನಲ್ಲಿ ಹೆದ್ದಾರಿಯ ಪಕ್ಕದಲ್ಲಿಯೇ ಆರ್ಲೆನ್ ನೆಸ್ ಎಂಬವರ ದೊಡ್ಡ ಮಳಿಗೆಯಿತ್ತು. ಮಹಡಿಯ ಮೇಲೆ ಅವರು ಜೀವಮಾನವೆಲ್ಲ ಕಟ್ಟಿದ ಗಾಡಿಗಳ ಸಂಗ್ರಹ. ಹಳೆಯ ಬುಗಾಟ್ಟಿ ಕಾರಿನ ಬೆನ್ನಿನಂತೆ ಇಳಿಜಾರಾದ ಲೋಹದ ಮೈಯುಳ್ಳ ಒಂದು ಗಾಡಿ, ಹೆಲಿಕಾಪ್ಟರಿನ ಟರ್ಬೈನು ಕೂರಿಸಿದ ಇನ್ನೊಂದು. ಅವು ದಿನದ ಸವಾರಿಗಲ್ಲವೆಂಬುದಕ್ಕೆ ಯಾರ ಸಾಕ್ಷಿಯೂ ಬೇಡ. ಅವುಗಳ ನಡುವೆ ೧೯೪೭ರ ಹಾರ್ಲೆಯ ಎಂಜಿನ್ನಿನ ಒಂದು ಗಾಡಿಯಿತ್ತು. ನೆಸ್ ಅವರು ಬೌಲಿಂಗ್ ಆಟದಲ್ಲಿ ಗೆದ್ದು ಕೂಡಿಸಿದ ಹಣದಿಂದ ಕೊಂಡ ಮೊದಲ ಮೋಟಾರ್‌ಸೈಕಲ್ಲು ಅದು. ಹೊಸದನ್ನು ಕೊಳ್ಳುವಷ್ಟು ಹಣವಿರಲಿಲ್ಲವಾಗಿ ಅದನ್ನೇ ಬಿಚ್ಚಿ ಮತ್ತೆ ಮತ್ತೆ ಬೇರೆ ರೂಪದಲ್ಲಿ ಕಟ್ಟಿದರು. ಪ್ರದರ್ಶನಗಳಲ್ಲಿ ಬಹುಮಾನ ಪಡೆದರು. ಇಷ್ಟೇ ಆಗಿದ್ದರೆ ನಿಮ್ಮ ಪಕ್ಷವೇ 

ಗೆಲ್ಲುತ್ತಿತ್ತು. ಆದರೆ ೨೦೧೯ರಲ್ಲಿ ತೀರಿಕೊಂಡ ಆ ಹಿರಿಯರು, ಎರಡು ಸಾವಿರ ಕಿಲೋಮೀಟರಿಗೂ ದೂರದ ಸ್ಟರ್ಜಿಸ್ಸಿಗೆ ಗೆಳೆಯರ ಗುಂಪು ಕಟ್ಟಿಕೊಂಡು ಸವಾರಿ ಮಾಡಿಯೇ ಹೋಗುತ್ತಿದ್ದವರು. ಜಪಾನಿನ ಶಿನ್ಯಾ ಕಿಮುರಾ ಎಂಬ ಕಟ್ಟುಗನೂ ಹಾಗೆಯೇ. ಅವನ ಕೈಯಿಂದ ಬಂದ ಗಾಡಿಗಳನ್ನು ಜನ ಶಿಲ್ಪವೆಂದು ಹೊಗಳುತ್ತಾರೆ. ಅವನೋ ೧೯೧೫ರ ಒಂದು ಇಂಡಿಯನ್ ಮೋಟಾರ್‌ಸೈಕಲ್ಲನ್ನು ಏರಿ ೨೦೧೦ರಲ್ಲಿ ಅಮೆರಿಕವನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ದಾಟುವ ಯಾತ್ರೆಗೆ ಹೊರಟವನು.

ಮಾವ: ನೀನು ಹೇಳುವುದನ್ನು ಕೇಳುತ್ತಿರುವಾಗ ನನಗೆ ನಮ್ಮ ನಂಜನಗೂಡಿನ ತೇರು ನೆನಪಾಗುತ್ತದೆ. ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುವುದನ್ನು ನೀನೂ ಚಿಕ್ಕಂದಿನಲ್ಲಿ ನನ್ನ ಹೆಗಲ ಮೇಲೆ ಕುಳಿತು ನೋಡಿದವನೇ. ಶ್ರೀಕಂಠೇಶ್ವರನ ದೊಡ್ಡ ತೇರಿಗೆ ಹ್ಯಾಂಡಲ್ಲೂ ಇಲ್ಲ, ಬ್ರೇಕೂ ಇಲ್ಲ. ತಿರುವು ಬಂದಾಗ ಗಾಲಿಯಡಿಗೆ ಮರದ ತುಂಡುಗಳನ್ನು ಕೊಟ್ಟು, ಪ್ರಾಣವನ್ನು ಕೈಯಲ್ಲಿ ಹಿಡಿದು, ಅದನ್ನು ಅಂಗುಲ ಅಂಗುಲವಾಗಿ ತಿರುಗಿಸುವ ಜನರಿದ್ದಾರೆ. ವಾಹನವೆಂದು ತೂಗಿದರೆ ಅದರಷ್ಟು ನಿರುಪಯುಕ್ತವಾದ ವಾಹನ ಬೇರೊಂದಿಲ್ಲ. ದೇವರು ಪಲ್ಲಕ್ಕಿಯಲ್ಲಿ ಇನ್ನೂ ಸುಖವಾಗಿ ಹೋಗಬಹುದು. ಅದು ನೋಡುವುದಕ್ಕಾಗಿಯೇ ಕಟ್ಟಿದುದು, ನಿಜ. ಆದರೆ ವರ್ಷವೆಲ್ಲ ನಿಂತಲ್ಲಿಯೇ ನಿಂತಿರುವಾಗ ಅದಕ್ಕೆ ಕೈಮುಗಿಯುವವರು ಎಷ್ಟು ಜನ? ಹಗ್ಗ ಬಿಗಿದು, ಸಾವಿರ ಜನ ಒಟ್ಟಿಗೆ ಎಳೆದು, ಆ ಗಾಲಿ ಮೊದಲ ಬಾರಿಗೆ ಕಿರ್ರೆಂದು ಕದಲಿದಾಗ ಊರಿಗೆ ಊರೇ ಕೂಗಿಕೊಳ್ಳುತ್ತದೆ. ಚಲಿಸುವ ಆ ಒಂದು ಗಳಿಗೆಗಾಗಿ ಆ ಕೆತ್ತನೆ, ಆ ಬಾವುಟ, ಆ ಹೂವು. ಯಂತ್ರದ ರೂಪಕ್ಕೆ ಉಪಯೋಗವೊಂದೇ ಪ್ರಮಾಣವೆಂದು ನಾನು ಬೆಳಗ್ಗೆ ಹೇಳಿದ ಮಾತಿಗೆ ಇಷ್ಟನ್ನು ಸೇರಿಸಿಕೊಳ್ಳುತ್ತೇನೆ: ಅಂದಕ್ಕಾಗಿ ಕಟ್ಟಿದುದಕ್ಕೂ ಸ್ಥಾನವುಂಟು, ಅದು ಹೊರಡುವುದಾದರೆ.

ಅಳಿಯ: ಹಾರ್ಲೆ ಕಂಪೆನಿ ಇವೆರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಲು ನೋಡಿತು. ಬಿಲ್ ಡೇವಿಸ್ ಎಂಬ ಒಬ್ಬ ಎಂಜಿನಿಯರು ಹಿಂದಿನ ಸ್ಪ್ರಿಂಗನ್ನು ಗಾಡಿಯ ಅಡಿಯಲ್ಲಿ ಕಣ್ಣಿಗೆ ಬೀಳದಂತೆ ಅಡಗಿಸಿ, ಹೊರಗಿನಿಂದ ನೋಡಿದರೆ ಹಳೆಯ ಕಾಲದ ಬಿಗಿ ಚೌಕಟ್ಟೇ ಎಂಬಂತೆ ಕಾಣುವ ವಿಧಾನವನ್ನು ಕಂಡುಹಿಡಿದ. ಕಂಪೆನಿ ಆ ಹಕ್ಕನ್ನು ಕೊಂಡು ೧೯೮೪ರ ಮಾದರಿಯಾಗಿ ಸಾಫ್ಟೇಲ್ ಎಂಬ ಹೆಸರಿನಿಂದ ಹೊರತಂದಿತು. ಅದು ವೇಷವೆಂದು ಹಳಬರು ಮೂಗು ಮುರಿಯುತ್ತಾರೆ.

ಮಾವ: ಮುರಿಯಲಿ. ಬೆನ್ನು ಉಳಿದರೆ ಮನುಷ್ಯ ಇನ್ನೂ ನೂರು ಮೈಲಿ ಮುಂದಕ್ಕೆ ಹೋಗುತ್ತಾನೆ. ನನಗೆ ಅದು ಬಹಳ ಒಳ್ಳೆಯ ಎಂಜಿನಿಯರಿಂಗು. ಇನ್ನೊಂದು ಮಾತು: ಕಟ್ಟಿಸಿದ ಗಾಡಿಯನ್ನು ಎಂದಾದರೂ ಇಲ್ಲಿಗೆ ತರುವ ಯೋಚನೆಯಿದೆಯೇ?

ಅಳಿಯ: ಮನಸ್ಸಿನಲ್ಲಿತ್ತು. ಕ್ಯಾಲಿಫೋರ್ನಿಯದಲ್ಲಿ ತಾನೇ ಕಟ್ಟಿದ ವಾಹನಕ್ಕೆ ವಿಶೇಷ ನಿರ್ಮಾಣವೆಂಬ ಪ್ರತ್ಯೇಕ ನೋಂದಣಿಯೇ ಇದೆ. ಪರೀಕ್ಷಿಸಿ ನಂಬರು ಕೊಡುತ್ತಾರೆ. ಇಲ್ಲಿಯೂ ಬುಲೆಟ್ಟಿಗೆ ಎತ್ತರದ ಹ್ಯಾಂಡಲ್ಲು ಹಾಕಿಸಿಕೊಂಡವರನ್ನು ಬೆಂಗಳೂರಿನಲ್ಲಿ ನೋಡಿದೆನಲ್ಲ.

ಮಾವ: ನೋಡಿರಬಹುದು, ಅದರಿಂದ ಅದು ಸಮ್ಮತವಾಯಿತೆಂದು ತಿಳಿಯಬೇಡ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ತಯಾರಕನು ಮೊದಲು ನಮೂದಿಸಿದ ವಿವರಗಳಿಗೂ ಆರ್.ಸಿ.ಯಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸಕೂಡದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ ೫೦೦೦ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ. ಕಾನೂನನ್ನು ಬದಿಗಿಟ್ಟರೂ ಇಲ್ಲಿ ಓಡಿಸುವೆಯಾದರೂ ಎಲ್ಲಿ? ನಮ್ಮ ಬಡಾವಣೆಯ ಹಂಪುಗಳ ಮೇಲೆ ಆ ತಗ್ಗು ಚೌಕಟ್ಟು ಕೆರೆದುಕೊಂಡು ನಿಲ್ಲುತ್ತದೆ. ಒಂದಿಷ್ಟು ನೇರವಾಗಿ ಹೋಗುವ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ೨೦೨೩ರ ಆಗಸ್ಟ್ ೧ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಇಲ್ಲಿಗೆ ತಂದರೆ ನಿನ್ನ ಗಾಡಿಯೂ ಸೈಲೆನ್ಸರು ಕಿತ್ತ ಬುಲೆಟ್ಟುಗಳ ಸಾಲಿಗೆ ಸೇರುವುದು. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಮುಂದೆ ಗುಂಡು ಹಾರಿಸಿದಂತೆ ಸದ್ದು ಮಾಡಿಕೊಂಡು ಹೋಗುವ ಹುಡುಗರ ಬಗ್ಗೆ ನನಗೆ ಲವಲೇಶವೂ ಸಹಾನುಭೂತಿಯಿಲ್ಲ. ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರುಗಳನ್ನು ರೋಡ್ ರೋಲರಿನ ಕೆಳಗೆ ಹಾಕಿಸಿದ ಚಿತ್ರ ಪತ್ರಿಕೆಯಲ್ಲಿ ಬಂದಾಗ ಸಂತೋಷಪಟ್ಟವನು ನಾನು. ನೋಡಲೊಲ್ಲದವನು ಕಣ್ಣು ತಿರುಗಿಸಬಹುದು, ಕೇಳಲೊಲ್ಲದ ರೋಗಿ ಏನು ಮಾಡಿಯಾನು?

ಅಳಿಯ: ಅದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಗಾಡಿ ಅಲ್ಲಿಯೇ ಇರಲಿ. ಹಾಗಾದರೆ ಕಟ್ಟಿಸಬಹುದೆನ್ನುವಿರಾ?

ಮಾವ: ಕಟ್ಟಿಸು. ಆದರೆ ಮುಂಗಡ ಕೊಡುವ ಮೊದಲು ಆ ಕಟ್ಟುಗನು ತಾನು ಕಟ್ಟಿದ ಗಾಡಿಯಲ್ಲಿ ತಾನೇ ದೂರ ಹೋಗುವವನೇ ಎಂದು ವಿಚಾರಿಸು. ಅವನ ಸ್ವಂತ ಗಾಡಿಯ ಫೋರ್ಕಿನ ಮೇಲೆ ಕಲ್ಲು ಸಿಡಿದ ಗುರುತುಗಳಿದ್ದರೆ ಕೆಲಸ ಒಪ್ಪಿಸು, ಕನ್ನಡಿಯಂತೆ ನುಣ್ಣಗಿದ್ದರೆ ಬೇರೊಬ್ಬನನ್ನು ಹುಡುಕು. ರೇಕನ್ನು ಎಷ್ಟಿಡುವನೆಂದು ಕೇಳಿ, ಅದಕ್ಕೆ ಟ್ರೇಲ್ ಎಷ್ಟು ಬರುವುದೆಂದು ಅವನಿಂದಲೇ ಬರೆಸಿಕೊಂಡು ನನಗೆ ಕಳುಹಿಸು. ಲೆಕ್ಕವನ್ನು ನಾನು ಇಲ್ಲಿ ತಾಳೆ ನೋಡುತ್ತೇನೆ. ಹಿಡಿಗಳು ನಿನ್ನ ಹೆಗಲಿನ ಮಟ್ಟಕ್ಕೆ ನಿಲ್ಲಲಿ.

ಅಳಿಯ: ಹೆಗಲಿಗಿಂತ ತುಸು ಮೇಲೆ, ಮಾವ. ಅಷ್ಟನ್ನು ಬಿಟ್ಟುಕೊಡಲಾರೆ.

ಮಾವ: ತುಸು ಮೇಲೆಯೇ ಇರಲಿ; ತೋಳು ನಿನ್ನದು. ಬಣ್ಣ, ಕ್ರೋಮಿಯಮ್ಮು, ಟ್ಯಾಂಕಿನ ಆಕಾರ, ಇವುಗಳಲ್ಲಿ ನಾನು ತಲೆ ಹಾಕುವುದಿಲ್ಲ. ಮುಂದಿನ ಗಾಲಿಗೆ ಬ್ರೇಕು ಕೂರಿಸದೆ ಮಾತ್ರ ಆ ಗಾಡಿಯನ್ನು ಅಂಗಡಿಯಿಂದ ಹೊರಗೆ ತರಬೇಡ.